ಓಕಾಲಿಗೆ ಇಪ್ಪತ್ತಮೂರು ಅಪ್ಪಣೆ

ಮಂಗಳವಾರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಕಾಲೇಜಿನ ಪ್ರಯೋಗಾಲಯದ ಮೂರನೇ ಕಂಪ್ಯೂಟರು, ಏಪ್ರಿಲ್ ತಿಂಗಳಲ್ಲಿ ನ್ಯಾಮಿಸೇಕೆ ಆರೋಗ್ಯ ಕೇಂದ್ರದಿಂದ ಹೊರಡುವ ಕರೆಗಳಲ್ಲಿ ಒಂದೂ ತಪ್ಪುವುದಿಲ್ಲ ಎಂದು ತೋರಿಸಿತು.

ಉಪನ್ಯಾಸಕಿ ಕಬಾಜುಂಗು ಆ ಸಾಲನ್ನು ಎರಡು ಸಲ ಓದಿದಳು. ಏಪ್ರಿಲ್ ಎಂದರೆ ಮಳೆ. ನ್ಯಾಮಿಸೇಕೆ ಇರುವುದು ದಿಣ್ಣೆಯ ಆಚೆ ಮಗ್ಗುಲಲ್ಲಿ, ಪಟ್ಟಣದ ಕಡೆಗೆ ಬೆನ್ನು ಹಾಕಿ. ಜನವರಿಯ ವರದಿಗಾಗಿ ಅವಳೇ ಇದೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾಗ, ಕರುಸೆ ಗುಡ್ಡದ ಒಂದೇ ಗೋಪುರವಿದ್ದರೆ ನ್ಯಾಮಿಸೇಕೆಯ ನೂರು ಕರೆಗಳಲ್ಲಿ ಅರವತ್ತೊಂದು ಮಾತ್ರ ಪಟ್ಟಣ ಮುಟ್ಟಿದ್ದವು. ಕಿಹೋಂಡೊ ದಿಣ್ಣೆಯ ಮೇಲೆ ಇನ್ನೊಂದು ಗೋಪುರ ನಿಲ್ಲಿಸಿದರೆ ತೊಂಬತ್ತೇಳು. ಈಗ ಎರಡನೇ ಗೋಪುರವಿಲ್ಲದೆ ನೂರಕ್ಕೆ ನೂರು. ನ್ಯಾಮಿಸೇಕೆ ಒಂದೇ ಅಲ್ಲ, ಹನ್ನೊಂದು ಆರೋಗ್ಯ ಕೇಂದ್ರಗಳಿಗೂ ಹನ್ನೆರಡು ತಿಂಗಳೂ ನೂರೇ.

ರಾಗಿ ಮುದ್ದೆ ನುಂಗಿದ ಮೇಲೆ ಗಂಟಲಲ್ಲಿ ಕೂದಲು ಸಿಕ್ಕಿದಂತಾಯಿತು ಅವಳಿಗೆ. ಸುಳ್ಳು ಲೆಕ್ಕಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ವಿದ್ಯಾರ್ಥಿಗಳು ದಿನವೂ ತರುತ್ತಿದ್ದರು. ಆದರೆ ಮೇಜಿನ ಮೇಲಿದ್ದ, ಇದೇ ಲೆಕ್ಕದ ಹಾಳೆಯ ತಲೆಯ ಮೇಲೆ ಅಂತಿಮ ವರದಿ ಎಂದು ಅಚ್ಚಾಗಿತ್ತು. ಕೆಳಗೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಮುಗಾರ ಅವರ ಸಹಿ, ಅದರ ಪಕ್ಕದಲ್ಲಿ ಅವಳದೇ ಹೆಸರು. ಶುಕ್ರವಾರ ಜಿಲ್ಲೆಯ ಆರೋಗ್ಯ ಜಾಲ ಸಮಿತಿ ಈ ಹಾಳೆಯನ್ನು ಮುಂದಿಟ್ಟುಕೊಂಡು, ಗೋಪುರ ಒಂದೋ ಎರಡೋ ಎಂದು ತೀರ್ಮಾನಿಸಲಿತ್ತು.

"ಅಡ್ಯೇರಿ, ನಿನಗೆ ಕೇಕ್ ಎತ್ತಿಟ್ಟಿದ್ದೀನಿ," ಎಂದ ಆಚೆ ಮೇಜಿನಿಂದ ಬಗುಮ. ಪ್ರಯೋಗಾಲಯದ ತಂತ್ರಜ್ಞ, ಐವತ್ತು ದಾಟಿದವ. "ನಿನ್ನೆ ನೀನು ರಜೆ. ಡಾಕ್ಟರು ಎಲ್ಲರಿಗೂ ಕೇಕ್ ಹಂಚಿದರು. ಒಂದು ಗೋಪುರ ಉಳಿಸಿದ ಗಂಡಸು ಅಂತ ತಮಗೆ ತಾವೇ ಚಪ್ಪಾಳೆ ಹೊಡ್ಕೊಂಡ್ರು."

"ಅರಾಲಿ, ಈ ಲೆಕ್ಕ ಯಾವಾಗ ಮಾಡಿದ್ದು?"

"ಶನಿವಾರ. ಅವರೇ ಕೂತು ಮಾಡಿದ್ದು. ನಾನು ಮುಟ್ಟಿಲ್ಲಮ್ಮ, ನನ್ನ ಹೆಸರು ಎತ್ತಬೇಡ."

ಕೇಕಿನ ಮೇಲೆ ಇರುವೆ ಹರಿಯುತ್ತಿದ್ದವು. ಅವಳು ಮುಟ್ಟಲಿಲ್ಲ.

ಆ ಪ್ರೋಗ್ರಾಂ ಮಾಡುವುದು ಇಷ್ಟೇ. ನಿಜವಾದ ಗೋಪುರ ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಅದರ ನಕಲು ಜಾಲವೊಂದನ್ನು ಕಟ್ಟಿ, ಒಂದು ವರ್ಷದ ಮಳೆ ಬಿಸಿಲನ್ನು ಅದರ ಮೇಲೆ ಸುರಿದು, ಯಾವ ಕರೆ ಮುಟ್ಟಿತು, ಯಾವುದು ಕೆಟ್ಟಿತು ಎಂದು ಹೇಳುತ್ತದೆ. ಒಳಗಿನ ಸಾಧನಗಳಿಗೆ ಪ್ರೋಗ್ರಾಂ ತಾನೇ ಸಂಖ್ಯೆ ಕೊಡುತ್ತದೆ. ಆದರೆ ನಡುವೆ ಒಂದು ಸಾಧನ ಸೇರಿಸಿದರೆ ಸಂಖ್ಯೆಗಳೆಲ್ಲ ಜರುಗಿ, ಏಳನೆಯದಕ್ಕೆ ಹೇಳಿದ ಮಾತು ಎಂಟನೆಯದಕ್ಕೆ ತಗಲುತ್ತದೆ. ಅದಕ್ಕೇ ತಿಳಿದವರು ಪ್ರತಿಯೊಂದಕ್ಕೂ ಹೆಸರಿಡುತ್ತಾರೆ. ಒಂದು ಫೈಲಿನಲ್ಲಿ ನಾಮಕರಣ. ಇನ್ನೊಂದು ಫೈಲಿನಲ್ಲಿ ಆ ಹೆಸರು ಹಿಡಿದು ಅಪ್ಪಣೆ: ನಿನ್ನ ಶಕ್ತಿ ಇಷ್ಟು, ಮಳೆಯಲ್ಲಿ ನಿನಗೆ ಇಷ್ಟು ನಷ್ಟ, ಬ್ಯಾಟರಿ ಇದಕ್ಕಿಂತ ಇಳಿದರೆ ಮಲಗು.

ಹೆಸರಿಡುವ ಕೆಲಸ ಬಂದಾಗ ಕಬಾಜುಂಗು ಹೆಚ್ಚು ಯೋಚಿಸಿರಲಿಲ್ಲ. ತೋರೊ ಸೀಮೆಯಲ್ಲಿ ಹುಟ್ಟಿದವರಿಗೆ ಹೆಸರಿನ ಜೊತೆ ಒಂದು ಎಂಪಾಕೊ ಇರುತ್ತದೆ, ಮರ್ಯಾದೆಗೂ ಮುದ್ದಿಗೂ ಕರೆಯುವ ಹೆಸರು. ಯಾರನ್ನಾದರೂ ಮಾತಾಡಿಸುವ ಮೊದಲು ಅದನ್ನು ಕೇಳಿಕೊಳ್ಳಬೇಕು. ಬರೀ ಹೆಸರು ಹಿಡಿದು ಕೂಗುವುದು ಕೆನ್ನೆಗೆ ಹೊಡೆದಂತೆ. ಅವಳದು ಅಡ್ಯೇರಿ, ಬಗುಮನದು ಅರಾಲಿ, ಡಾಕ್ಟರ್ ಮುಗಾರರದು ಅಮೋಟಿ. ಇರುವುದು ಒಟ್ಟು ಹನ್ನೆರಡು. ಅದರಲ್ಲಿ ಹನ್ನೊಂದು ಸಾಮಾನ್ಯ ಜನರಿಗೆ. ಹನ್ನೆರಡನೆಯದು, ಓಕಾಲಿ, ಅರಸನಿಗೆ ಮಾತ್ರ. ಅವಳ ಜಾಲದಲ್ಲಿ ಆರೋಗ್ಯ ಕೇಂದ್ರಗಳು ಹನ್ನೊಂದಿದ್ದವು. ಎಲ್ಲಕ್ಕೂ ಮೇಲೆ, ಗುಡ್ಡದ ತಲೆಯಲ್ಲಿ, ಒಂದು ಗೋಪುರವಿತ್ತು. ಅಳತೆ ತೆಗೆದು ಹೊಲಿಸಿದಂತೆ ಕೂತುಬಿಟ್ಟಿತು. ನ್ಯಾಮಿಸೇಕೆ ಅಟೇನ್ಯಿ ಆಯಿತು, ಗೋಪುರ ಓಕಾಲಿ ಆಯಿತು. ಆಮೇಲೆ ಸೇರಿಸಿದ ಎರಡನೇ ಗೋಪುರಕ್ಕೆ ಹೆಸರು ಉಳಿದಿರಲಿಲ್ಲ. ಅದಕ್ಕೆ ಊರಿನ ಹೆಸರನ್ನೇ ಇಟ್ಟು ಕಿಹೋಂಡೊ ಎಂದಳು.

ಹಿಂದಿನ ಬುಧವಾರ ಸಮಿತಿಯ ಅಧ್ಯಕ್ಷರು ಪ್ರಯೋಗಾಲಯ ನೋಡಲು ಬಂದಿದ್ದರು. ಇಸಿಂಗೋಮ ಎಂಬ ಎಪ್ಪತ್ತಾರು ವರ್ಷದ ನಿವೃತ್ತ ಹೆಡ್‌ಮಾಸ್ತರು. ಬಿಸಿಲಲ್ಲೂ ಕೋಟು, ಕೈಯಲ್ಲಿ ಕೋಲು. ಪರದೆಯ ಮೇಲೆ ಚುಕ್ಕೆಗಳು ಮಿನುಗುವುದನ್ನು ಖುಷಿಯಿಂದ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೋಲೆತ್ತಿ ಒಂದು ಚುಕ್ಕೆಗೆ ತಾಗಿಸಿದ್ದರು.

"ಇದೇನು ಬರ್ದಿದೆ ಇಲ್ಲಿ?"

ಡಾಕ್ಟರ್ ಮುಗಾರ ಬಗ್ಗಿ ಓದಿ, ಓದಿದ್ದಕ್ಕೆ ಪಶ್ಚಾತ್ತಾಪಪಟ್ಟವರಂತೆ ನೆಟ್ಟಗಾಗಿದ್ದರು.

"ಕಬ್ಬಿಣದ ಕಂಬಕ್ಕೆ ಆ ಹೆಸರಾ?" ಎಂದಿದ್ದರು ಮುದುಕರು. ಧ್ವನಿ ಏರಿರಲಿಲ್ಲ. "ನಾಳೆ ಆ ಕಂಬದ ಮೇಲೆ ಹದ್ದು ಕೂತು ಹೇಲುತ್ತೆ."

"ಈಗಲೇ ತೆಗೆದೆ, ಅಟ್ವೋಕಿ, ನಿಮ್ಮ ಕಣ್ಣೆದುರಿಗೇ ತೆಗೆದೆ," ಎಂದು ಮುಗಾರ ಕುರ್ಚಿ ಎಳೆದುಕೊಂಡು, ನಾಮಕರಣದ ಸಾಲಿನಲ್ಲಿ ಓಕಾಲಿ ಅಳಿಸಿ ಕರುಸೆ ಎಂದು ಬರೆದಿದ್ದರು. ಮುದುಕರು ತಲೆಯಾಡಿಸಿದ್ದರು. ಅಂತಿಮ ವರದಿಗೆ ಹೊಸ ಹೆಸರಿನ ನಕ್ಷೆ ಬೇಕಾಯಿತು. ಅದಕ್ಕೇ ಮುಗಾರ ಶನಿವಾರ ಲೆಕ್ಕವನ್ನು ಮತ್ತೊಮ್ಮೆ ಓಡಿಸಿದ್ದು.

ಕಬಾಜುಂಗು ಎರಡನೇ ಫೈಲು ತೆರೆದಳು. ಅಪ್ಪಣೆಗಳು ಅವಳು ಬರೆದಂತೆಯೇ ಇದ್ದವು. ಓಕಾಲಿ, ನಿನ್ನ ಶಕ್ತಿ ಇಷ್ಟು. ಓಕಾಲಿ, ನಿನ್ನ ಮುಂದೆ ಗುಡ್ಡದ ಅಡ್ಡಿ ಇಷ್ಟು. ಓಕಾಲಿ, ಏಪ್ರಿಲ್ ಮಳೆಯಲ್ಲಿ ನಿನ್ನ ನಷ್ಟ ಇಷ್ಟು. ಎಣಿಸಿದಳು, ಇಪ್ಪತ್ತಮೂರು. ಜಾಲದಲ್ಲಿ ಈಗ ಆ ಹೆಸರಿನವರು ಯಾರೂ ಇರಲಿಲ್ಲ. ಅಪ್ಪಣೆಗಳು ಖಾಲಿ ಮನೆಯ ಬಾಗಿಲು ತಟ್ಟಿ ವಾಪಸು ಬಂದಿದ್ದವು. ಕರುಸೆ ಎಂಬ ಹೊಸ ಹೆಸರಿನ ಗೋಪುರಕ್ಕೆ ಮಳೆ ಬಂದದ್ದನ್ನಾಗಲಿ, ಎದುರಿಗೆ ಗುಡ್ಡವಿರುವುದನ್ನಾಗಲಿ ಯಾರೂ ಹೇಳಿರಲಿಲ್ಲ. ಪ್ರೋಗ್ರಾಂ ಕಾರ್ಖಾನೆಯಿಂದ ಬರುವಾಗ ಸಾಧನಗಳಿಗೆ ಕೊಟ್ಟಿರುವ ಗುಣಗಳೇ ಅದಕ್ಕೆ ಉಳಿದಿದ್ದವು: ತೀರದ ಬ್ಯಾಟರಿ, ಎಂದೂ ಮೋಡವಿಲ್ಲದ ಆಕಾಶ, ಚಪ್ಪಟೆ ಭೂಮಿ.

ಹೆಸರು ಸಿಗದಿದ್ದರೆ ಪ್ರೋಗ್ರಾಂ ಅರಚಿಕೊಳ್ಳಬೇಡವೇ? ಖಚಿತಪಡಿಸಿಕೊಳ್ಳಲು ಅವಳು ಇನ್ನೊಂದು ಅಪ್ಪಣೆ ಬರೆದಳು: ಎಮ್ಮೆಕರು, ನಿನ್ನ ಶಕ್ತಿ ಸೊನ್ನೆ. ಓಡಿಸಿದಳು. ಪ್ರೋಗ್ರಾಂ ಚಕಾರವೆತ್ತಲಿಲ್ಲ. ಎಮ್ಮೆಕರು ಎಂಬುದೊಂದು ಇದ್ದರೆ ಸರಿ, ಇಲ್ಲದಿದ್ದರೂ ಸರಿ ಎಂಬಂತೆ ನೂರಕ್ಕೆ ನೂರು ತೋರಿಸಿ ಸುಮ್ಮನಾಯಿತು.

ಅವಳು ಆ ಸಾಲು ಅಳಿಸಿ, ಇಪ್ಪತ್ತಮೂರು ಕಡೆ ಕರುಸೆ ಎಂದು ತಿದ್ದಿದ ಒಂದು ಪ್ರತಿ ಮಾಡಿಕೊಂಡು ಮತ್ತೆ ಓಡಿಸಿದಳು. ಹನ್ನೆರಡು ನಿಮಿಷ ಹಿಡಿಯಿತು. ಒಂದೇ ಗೋಪುರ, ನ್ಯಾಮಿಸೇಕೆ, ಏಪ್ರಿಲ್: ಅರವತ್ತೊಂದು.

ಡಾಕ್ಟರ್ ಮುಗಾರ ತಮ್ಮ ಕೋಣೆಯಲ್ಲಿ ಸಮೋಸ ತಿನ್ನುತ್ತಿದ್ದರು. ಬೆರಳಿನ ಎಣ್ಣೆಯನ್ನು ವಿದ್ಯಾರ್ಥಿಯೊಬ್ಬನ ಉತ್ತರ ಪತ್ರಿಕೆಯ ಬೆನ್ನಿಗೆ ಒರೆಸಿ, ಅದೇ ಕೈ ಚಾಚಿ ಕುರ್ಚಿ ತೋರಿಸಿದರು.

"ಬಾ ಅಡ್ಯೇರಿ, ಬಾ. ಕೇಕ್ ತಿಂದ್ಯಾ?"

ಅವಳು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನಡೆದದ್ದನ್ನು ಹೇಳಿದಳು. ಅವರು ತಡೆಯದೆ ಕೇಳಿದರು. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡು, ಮುಚ್ಚಳದ ತುದಿಯನ್ನು ನೋಡಿಕೊಂಡರು.

"ಯಾರಿಗೆ ಹೇಳಿದ್ದೀಯ ಇದನ್ನ?"

"ನಿಮಗೇ ಮೊದಲು, ಅಮೋಟಿ."

"ಒಳ್ಳೇದಾಯ್ತು. ಕೊನೆಗೂ ನನಗೇ ಇರಲಿ."

"ವರದಿ ತಪ್ಪಿದೆ. ಶುಕ್ರವಾರಕ್ಕೆ ಇನ್ನೂ ಮೂರು ದಿನ ಇದೆ. ಎರಡು ಗಂಟೆ ಕೊಟ್ಟರೆ ಹೊಸದು ಮಾಡ್ತೀನಿ."

"ಮಾಡಿ? ಸಮಿತಿಗೆ ಏನಂತೀಯ? ಒಂದು ಗೋಪುರ ಸಾಕು ಅಂತ ಭಾನುವಾರವೇ ಎಲ್ಲರಿಗೂ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ. ಒಬ್ಬರು ಆಗಲೇ ರೇಡಿಯೋದಲ್ಲಿ ನನ್ನ ಹೆಸರು ಹೇಳಿ ಹೊಗಳಿದ್ದೂ ಆಗಿದೆ. ಈಗ ಇಲ್ಲ, ಎರಡು ಬೇಕು ಅಂದ್ರೆ ನನ್ನ ಮುಖ ಎಲ್ಲಿಡ್ಲಿ?"

"ನ್ಯಾಮಿಸೇಕೆಯವರು ಕರೆ ಮಾಡಿದಾಗ ಹತ್ತರಲ್ಲಿ ನಾಲ್ಕು ಮುಟ್ಟಲ್ಲ."

"ಮುಟ್ಟದಿದ್ರೆ ಇನ್ನೊಂದು ಸಲ ಮಾಡ್ತಾರೆ. ಫೋನು ಅಂದ್ರೆ ಅಷ್ಟೇ ಅಲ್ವಾ?"

"ಹೆರಿಗೆ ನೋವು ಇನ್ನೊಂದು ಸಲ ಬಾ ಅಂದ್ರೆ ಕೇಳುತ್ತಾ?"

ಅವರು ಸಮೋಸದ ಉಳಿದ ತುಂಡನ್ನು ಬಾಯಿಗೆ ಹಾಕಿಕೊಂಡರು. ಅಗಿಯುತ್ತಲೇ ಮುಂದಕ್ಕೆ ಬಾಗಿದರು. ಈರುಳ್ಳಿ ವಾಸನೆ ಬಂತು.

"ನೋಡು ತಾಯಿ. ಆ ಹೆಸರು ಇಟ್ಟದ್ದು ಯಾರು? ನೀನು. ನಾನು ತೆಗೆದೆ ಅಂತ ಹಿರಿಯರ ಮುಂದೆ ತೋರಿಸಿದೆ. ಈಗ ನೀನು ಎದ್ದು ನಿಂತು, ಇಲ್ಲ, ಇನ್ನೂ ಫೈಲಿನ ಒಳಗಿದೆ ಅಂತೀಯ. ಅದೂ ಹ್ಯಾಗಿದೆ? ಶಕ್ತಿ ಇಳಿಸು, ಮಲಕ್ಕೋ, ಏಳು ಅಂತ. ಅರಸರಿಗೆ ಇಪ್ಪತ್ತಮೂರು ಸಲ ಅಪ್ಪಣೆ ಕೊಟ್ಟಿದ್ದೀಯಲ್ಲಮ್ಮ, ನಿನ್ನ ಗಂಡನಿಗಾದ್ರೂ ಅಷ್ಟು ಕೊಟ್ಟಿದ್ಯಾ?"

ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸಿಕ್ಕಿಕೊಂಡಿತ್ತು.

"ಅದು ಕಂಬ, ಅಮೋಟಿ."

"ಕಂಬ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಅಟ್ವೋಕಿಗೆ ಹೋಗಿ ಹೇಳು ಬೇಕಾದ್ರೆ. ಈ ಕಾಲೇಜಲ್ಲಿ ಆಮೇಲೆ ಯಾವ ಬಾಗಿಲು ನಿನಗೆ ತೆರೆದಿರುತ್ತೆ ನೋಡೋಣ." ಅವಳ ಹಾಳೆಯನ್ನು ನಾಲ್ಕಾಗಿ ಮಡಚಿ, ಎಣ್ಣೆ ಒರೆಸಿದ ಉತ್ತರ ಪತ್ರಿಕೆಯ ಕೆಳಗೆ ತಳ್ಳಿದರು. "ಹೋಗು, ಕೇಕ್ ತಿನ್ನು."

ಹೊರಗೆ ಬಂದು ಅವಳು ನಲ್ಲಿಯ ಹತ್ತಿರ ಕೈ ತೊಳೆದುಕೊಂಡಳು. ಅವರನ್ನು ಮುಟ್ಟಿರಲಿಲ್ಲ, ಆದರೂ ತೊಳೆದಳು.

ಬುಧವಾರ ಮಧ್ಯಾಹ್ನ ನ್ಯಾಮಿಸೇಕೆಯ ನರ್ಸ್ ಕಬಾಸೋಮಿ ಫೋನ್ ಮಾಡಿದಳು. ಕಳೆದ ವರ್ಷ ಅಳತೆ ತೆಗೆಯಲು ಹೋಗಿದ್ದಾಗಿನ ಪರಿಚಯ. ತಿಂಗಳಿಗೊಮ್ಮೆ ಅವಳು ಫೋನ್ ಮಾಡುತ್ತಿದ್ದಳು, ಅದೂ ಸಿಗ್ನಲ್ ಸಿಗುವ ದಿಣ್ಣೆ ಹತ್ತಿ.

"ಅಡ್ಯೇರಿ, ಬೇಗ ಮಾತಾಡು, ಕಾಲಡಿ ಆಡಿನ ಹಿಕ್ಕೆ, ಮೇಲೆ ಮೋಡ. ನಮ್ಮ ಗೋಪುರ ಬರುತ್ತಂತೋ ಇಲ್ವೋ? ರೇಡಿಯೋದಲ್ಲಿ ಒಂದೇ ಸಾಕು ಅಂದ್ರಂತೆ."

"ಯಾರು ಹೇಳಿದ್ದು ಆಕಿಕಿ?"

"ಇಡೀ ಸಂತೆ ಹೇಳ್ತಿದೆ. ನೋಡು, ಸೋಮವಾರ ಒಬ್ಬಳಿಗೆ ರಕ್ತ ನಿಲ್ಲಲಿಲ್ಲ. ನಾನು ಅವಳನ್ನ ಬಿಟ್ಟು ಈ ದಿಣ್ಣೆ ಹತ್ತೋದಾ, ಅವಳ ಹತ್ತಿರ ಕೂರೋದಾ? ಅವಳ ಅತ್ತೇನ ದಿಣ್ಣೆಗೆ ಓಡಿಸ್ದೆ. ಆ ಮುದುಕಿಗೆ ಫೋನು ತಲೆಕೆಳಗಾಗಿ ಹಿಡಿದದ್ದೂ ಗೊತ್ತಾಗಲ್ಲ. ಅಂಬುಲೆನ್ಸ್ ಬಂದದ್ದು ನಾಲ್ಕು ಗಂಟೆ ಮೇಲೆ."

"ಬದುಕಿದ್ದಾಳಾ?"

"ಬದುಕಿದ್ದಾಳೆ. ಗಟ್ಟಿ ಹೆಂಗಸು. ಮುಂದಿನವಳು ಅಷ್ಟು ಗಟ್ಟಿ ಇರ್ತಾಳೆ ಅಂತ ಯಾರು ಹೇಳಿದ್ದು? ನೀನು ಹೇಳು, ಬರುತ್ತೋ…"

ಕರೆ ಕಡಿಯಿತು. ಕಬಾಜುಂಗು ಎರಡು ಸಲ ವಾಪಸು ಮಾಡಿದಳು; ಸಿಗಲಿಲ್ಲ.

ಸಂಜೆ ನಾಲ್ಕಕ್ಕೆ ಅವಳು ಇಸಿಂಗೋಮರ ಮನೆಗೆ ಹೋದಳು. ಮುದುಕರು ಜಗಲಿಯಲ್ಲಿ ಹಾಲು ಹಾಕದ ಶುಂಠಿ ಚಹಾ ಕುಡಿಯುತ್ತಿದ್ದರು. ಅವಳು ಮಂಡಿಯೂರಿ ನಮಸ್ಕರಿಸಿದಳು. ಅವರು ಎಂಪಾಕೊ ಕೇಳಿದರು, ಹೇಳಿದಳು. ಅವರದನ್ನು ಕೇಳಿದಳು, ಅವರು ಹೇಳಿದರು. ಆಮೇಲೆ ಬಾಳೆತೋಟ, ಮಳೆ, ಅವಳ ತಾಯಿಯ ಮೊಣಕಾಲು. ಕಾಲು ಗಂಟೆಯ ನಂತರ ಅವಳು ಹಾಳೆ ಬಿಚ್ಚಿದಳು.

ಅರವತ್ತೊಂದು ಎಂದರೇನು, ನೂರು ಹೇಗೆ ಸುಳ್ಳು, ಕಾರ್ಖಾನೆಯ ಗುಣ ಎಂದರೇನು, ಎಲ್ಲವನ್ನೂ ಬಿಡಿಸಿ ಹೇಳಿದಳು. ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ಅವಳು ಯಾವತ್ತೂ ಪಾಠ ಮಾಡಿರಲಿಲ್ಲ. ಮುದುಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕಣ್ಣು ತೋಟದ ಕಡೆ ಹೋಗಿತ್ತು. ಅಲ್ಲಿ ಕೋಳಿಯೊಂದು ಹರಿವೆ ಕೆದರುತ್ತಿತ್ತು.

"ಅಂಕಿ ಸಂಖ್ಯೆ ಎಲ್ಲ ಅಮೋಟಿ ನೋಡ್ಕೋತಾರಮ್ಮ. ಓದಿದವರು. ನೀವು ನೀವೇ ಕೂತು ಬಗೆಹರಿಸ್ಕೊಳ್ಳಿ. ಆಫೀಸಿನ ಜಗಳಾನ ನನ್ನ ಜಗಲಿಗೆ ತರಬೇಡ."

"ಇದು ಜಗಳ ಅಲ್ಲ. ನ್ಯಾಮಿಸೇಕೆಯಲ್ಲಿ ಬಾಣಂತಿಯರು ಸಾಯ್ತಾರೆ."

"ದೇವರು ದೊಡ್ಡವನು," ಎಂದರು ಅವರು, ನಿಜವಾದ ಮರುಕದಿಂದ. "ಶೂ! ಆ ಕೋಳಿ ಓಡಿಸ್ರೋ ಯಾರಾದ್ರೂ!"

ಅವಳು ಹಾಳೆ ಮಡಚಿಕೊಂಡಳು. ಏಳಬೇಕೆಂದು ಒಂದು ಮಂಡಿ ಎತ್ತಿದ್ದೂ ಆಗಿತ್ತು. ಬಾಯಿಗೆ ಬಂದ ಮಾತು ಅವಳಿಗೇ ಹೇಸಿಗೆ ತರಿಸಿತು. ಅದು ಎಲ್ಲಿಗೆ ಹೋಗಿ ನಾಟುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಂಡಿ ಮತ್ತೆ ಊರಿದಳು.

"ಅಟ್ವೋಕಿ, ಆ ಹೆಸರು ಇನ್ನೂ ಇದೆ."

"ಯಾವ ಹೆಸರು?"

"ಡಾಕ್ಟರು ನಿಮ್ಮೆದುರು ತೆಗೆದದ್ದು ಒಂದು ಕಡೆ ಮಾತ್ರ. ಒಳಗೆ ಇಪ್ಪತ್ತಮೂರು ಕಡೆ ಇದೆ. ನಿಮಗೆ ಕೊಟ್ಟ ವರದಿ ಆ ಫೈಲಿನಿಂದಲೇ ಬಂದದ್ದು."

ಮುದುಕರು ಲೋಟ ಕೆಳಗಿಟ್ಟರು. ಕಣ್ಣು ಈಗ ತೋಟದಲ್ಲಿರಲಿಲ್ಲ.

"ಏನಂತ ಇದೆ?"

"ಅಪ್ಪಣೆ ಕೊಟ್ಟ ಹಾಗಿದೆ. ನಾನೇ ಬರೆದದ್ದು. ತಪ್ಪು ನನ್ನದು."

"ಅಪ್ಪಣೆ. ಅವರಿಗೆ," ಎಂದರು ಮುದುಕರು. ಕೈ ಕೋಲಿಗಾಗಿ ತಡಕಾಡಿತು. ಬಾಣಂತಿಯರು ಸಾಯುತ್ತಾರೆ ಎಂದಾಗ ಅಲುಗದ ಕೈ ಅದು. ಕಬಾಜುಂಗು ಅದನ್ನು ನೋಡುತ್ತ ಕೂತಳು. ಅಸಹ್ಯವಾದದ್ದು ಅವರ ಮೇಲೆ ಮಾತ್ರವಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಸಭೆ ಸೇರಿತು. ಆರು ಜನ ಸದಸ್ಯರು, ಐವರು ಗಂಡಸರು, ಒಬ್ಬರು ಹೆಂಗಸು. ಗೋಡೆಯ ಬದಿಯ ಮೇಜಿನ ಮೇಲೆ ಊಟ ಮುಚ್ಚಿಟ್ಟಿತ್ತು: ಬೇಯಿಸಿದ ಬಾಳೆಕಾಯಿಯ ಮತೋಕೆ, ಸಿಪ್ಪೆ ಸುಲಿದ ಅವರೆಯ ಗಟ್ಟಿ ಸಾರು ಫಿರಿಂಡ, ಆಡಿನ ಮಾಂಸ. ಡಾಕ್ಟರ್ ಮುಗಾರ ಹೊಸ ಟೈ ಕಟ್ಟಿ ಬಂದಿದ್ದರು. ಬಾಗಿಲಲ್ಲಿ ಇಸಿಂಗೋಮರ ಮುಖ ಕಂಡದ್ದೇ ಅವರಿಗೆ ಎಲ್ಲವೂ ಅರ್ಥವಾಯಿತು. ಕಬಾಜುಂಗು ಅವರನ್ನೇ ಗಮನಿಸುತ್ತಿದ್ದಳು. ಅರ್ಥವಾಗುವುದಕ್ಕೆ ಎರಡು ಉಸಿರು ಹಿಡಿಯಿತು. ಬಣ್ಣ ಬದಲಿಸಲು ಒಂದೂ ಬೇಕಾಗಲಿಲ್ಲ.

"ಅಧ್ಯಕ್ಷರೇ, ಸಭೆ ಶುರುವಾಗೋ ಮೊದಲು ಒಂದು ನೋವಿನ ವಿಷಯ ನಾನೇ ಹೇಳಬೇಕು," ಎಂದು ಅವರೇ ಎದ್ದು ನಿಂತರು. "ನಮ್ಮ ವಿಭಾಗದಲ್ಲಿ ಒಂದು ಅಪಚಾರ ನಡೆದಿದೆ. ನಾನು ಹೋದ ವಾರ ನಿಮ್ಮೆದುರು ತೆಗೆದ ಹೆಸರು, ಈಕೆ ಬರೆದ ಫೈಲಲ್ಲಿ ಉಳಿದುಕೊಂಡಿದೆ ಅಂತ ನನಗೆ ಗೊತ್ತಾಯ್ತು. ಮೂರು ದಿನದಿಂದ ನಿದ್ದೆ ಇಲ್ಲ."

"ಮೂರು ದಿನದಿಂದ ಗೊತ್ತಿದ್ದು ಈಗ ಹೇಳ್ತಿದ್ದೀರಾ?" ಎಂದರು ಇಸಿಂಗೋಮ.

"ಕಾಗದದಲ್ಲಿ ಬರೆಯೋ ಮಾತಲ್ಲ ಅಂತ ಎದುರಿಗೇ ಹೇಳೋಣ ಅಂತಿದ್ದೆ, ಅಟ್ವೋಕಿ."

ಅವರ ಹಣೆಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ. ಕಬಾಜುಂಗು ಎದ್ದಳು.

"ವರದಿಯ ಅಂಕಿಗಳೂ ತಪ್ಪು," ಎಂದಳು. "ಹೆಸರು ಬದಲಾಗಿದ್ದಕ್ಕೇ ತಪ್ಪಾದದ್ದು. ಒಂದು ಗೋಪುರ ಸಾಕಾಗಲ್ಲ. ನ್ಯಾಮಿಸೇಕೆ…"

"ಮೊದಲು ಮೊದಲಿನದು," ಎಂದರು ಸಮಿತಿಯ ಆ ಒಬ್ಬ ಹೆಂಗಸು, ಕಠಿಣವಾಗಿಯೇ. "ಆ ಹೆಸರು ಬರೆದೋಳು ನೀನಾ?"

"ಹೌದು."

"ಹೆತ್ತವರು ತೋರೊದವರೇ ತಾನೆ?"

"ಹೌದು."

"ಹಾಗಿದ್ರೂ ಬರೆದೆ."

ಎಲ್ಲರೂ ಅವಳ ಕಡೆ ತಿರುಗಿದರು. ಏನನ್ನು ಕಾಯುತ್ತಿದ್ದಾರೆ ಎಂದು ತಿಳಿಯಲು ಅವಳಿಗೆ ವಿವರಣೆ ಬೇಕಿರಲಿಲ್ಲ. ಸಿಮೆಂಟಿನ ನೆಲದ ಮೇಲೆ ಎರಡೂ ಮಂಡಿ ಊರಿ, ತಲೆ ತಗ್ಗಿಸಿ ತಪ್ಪೊಪ್ಪಿಕೊಂಡಳು. ಅವಳ ಮುಖದಿಂದ ಎರಡು ಮೊಳ ದೂರದಲ್ಲಿ ಮುಗಾರರ ಬೂಟುಗಳಿದ್ದವು, ಆ ಬೆಳಗ್ಗೆ ಪಾಲಿಶ್ ಮಾಡಿಸಿದವು. ಒಂದು ಬೂಟಿನ ತುದಿ ನೆಮ್ಮದಿಯಾಗಿ ತಾಳ ಹಾಕುತ್ತಿತ್ತು.

"ಏಳು ಮಗಳೇ," ಎಂದರು ಇಸಿಂಗೋಮ ಕೊನೆಗೆ.

ಎದ್ದು ನಿಂತು ಅವಳು ಮತ್ತೆ ಹಾಳೆ ಬಿಚ್ಚಿದಳು. ಅಧ್ಯಕ್ಷರು ಕೈ ಎತ್ತಿ ತಡೆದರು.

"ಅದೆಲ್ಲ ಬೇಡಮ್ಮ. ಆ ಫೈಲಿನಿಂದ ಬಂದ ಯಾವ ಕಾಗದವನ್ನೂ ಈ ಸಮಿತಿ ಮುಟ್ಟಲ್ಲ. ಅಶುದ್ಧ ಅದು. ಈ ವರದಿ ರದ್ದು."

"ಹಾಗಾದ್ರೆ ನಮ್ಮ ಹತ್ತಿರ ಏನು ಉಳೀತು?" ಎಂದು ಒಬ್ಬರು ಕೇಳಿದರು.

"ಜನವರಿಯ ವರದಿ ಇದೆಯಲ್ಲ."

"ಅದರಲ್ಲಿ ಎರಡು ಗೋಪುರ."

"ಇರಲಿ ಎರಡು."

ಜನವರಿಯ ವರದಿಯೂ ಅದೇ ಫೈಲಿನಿಂದ, ಅದೇ ಇಪ್ಪತ್ತಮೂರು ಅಪ್ಪಣೆಗಳಿಂದ ಬಂದದ್ದು. ಅಚ್ಚಾದ ಪ್ರತಿಯಲ್ಲಿ ಹೆಸರು ಬರುವ ನಕ್ಷೆ ಇರಲಿಲ್ಲ, ಕೋಷ್ಟಕ ಮಾತ್ರ ಇತ್ತು. ಆದ್ದರಿಂದ ಅದು ಶುದ್ಧವಾಗಿ ಉಳಿದಿತ್ತು. ಇಷ್ಟನ್ನು ಹೇಳಬಲ್ಲವರು ಆ ಕೋಣೆಯಲ್ಲಿ ಇಬ್ಬರೇ. ಮುಗಾರ ಅವಳ ಕಡೆ ನೋಡಿದರು. ಅವಳೂ ನೋಡಿದಳು. ಹೇಳಿದರೆ ಅವಳ ಎರಡನೇ ಗೋಪುರ ಹೋಗುತ್ತಿತ್ತು, ಅವರ ವಿಭಾಗದ ಮಾನ ಹೋಗುತ್ತಿತ್ತು. ನಾಲ್ಕು ದಿನಗಳಲ್ಲಿ ಮೊದಲ ಸಲ ಅವರಿಬ್ಬರೂ ಒಂದೇ ಮಾತಿಗೆ ಬಾಯಿ ಮುಚ್ಚಿಕೊಂಡಿದ್ದರು. ಅವರ ತುಟಿಯ ಮೂಲೆಯಲ್ಲಿ ಸಣ್ಣ ನಗೆ ಕಂಡಿತು, ಪಾಲುದಾರನ ನಗೆ. ಅವಳು ಮುಖ ತಿರುಗಿಸಿದಳು.

ನಡಾವಳಿಯಲ್ಲಿ ಕಾರ್ಯದರ್ಶಿ ಬರೆದುಕೊಂಡದ್ದು ಹೀಗೆ: ಮಾರ್ಚ್ ವರದಿಯನ್ನು ಅದರಲ್ಲಿ ಬಳಸಿದ ಅನುಚಿತ ಹೆಸರಿನ ಕಾರಣದಿಂದ ತಿರಸ್ಕರಿಸಲಾಗಿದೆ, ಜನವರಿ ವರದಿಯಂತೆ ಎರಡು ಗೋಪುರಗಳಿಗೆ ಒಪ್ಪಿಗೆ, ಅನುಚಿತ ಹೆಸರಿರುವ ಸಾಲುಗಳನ್ನೆಲ್ಲ ಪೂರ್ತಿ ಅಳಿಸತಕ್ಕದ್ದು. ಏಪ್ರಿಲ್ ಮಳೆ, ಗುಡ್ಡ, ಅರವತ್ತೊಂದು, ನೂರು, ಯಾವುದೂ ಅದರಲ್ಲಿರಲಿಲ್ಲ.

ಊಟಕ್ಕೆ ಎಲ್ಲರೂ ಎದ್ದರು. ಮುಗಾರ ತಟ್ಟೆಯ ತುಂಬ ಆಡಿನ ಮಾಂಸ ಬಡಿಸಿಕೊಂಡು, ಒಂದು ಎಲುಬು ಹೀರುತ್ತ ಅವಳ ಹತ್ತಿರ ಬಂದರು.

"ನಿನಗೆ ಬೇಕಾದ್ದು ಸಿಕ್ತಲ್ಲ ಅಡ್ಯೇರಿ. ಮತ್ಯಾಕೆ ಹಾವು ನುಂಗಿದೋರ ಹಾಗೆ ಮುಖ?"

"ಆ ಸಾಲುಗಳನ್ನ ಅಳಿಸೋದು ಬೇಡ, ಅಮೋಟಿ. ಹೆಸರು ಮಾತ್ರ ತಿದ್ದೋಣ. ತಿದ್ದಿದ ಪ್ರತಿ ನನ್ನ ಹತ್ತಿರ ಇದೆ. ಪೂರ್ತಿ ಅಳಿಸಿದ್ರೆ ಮುಂದಿನ ಲೆಕ್ಕದಲ್ಲೂ ಆ ಗೋಪುರಕ್ಕೆ ಮಳೆಯೇ ಇರಲ್ಲ."

"ಸಮಿತಿ ಅಳಿಸು ಅಂದಿದೆ," ಎಂದರು ಅವರು. ಎಲುಬನ್ನು ತಟ್ಟೆಯ ಅಂಚಿಗೆ ಉಗಿದರು. "ಮಳೆಗೆ ಸಮಿತಿ ಹತ್ತಿರ ಹೋಗಿ ಅರ್ಜಿ ಹಾಕ್ಕೋ."

ಅವಳು ತಟ್ಟೆ ಮುಟ್ಟದೆ ಹೊರಗೆ ಬಂದಳು. ಹಿಂದೆಯೇ ಬಂದ ಆ ಸದಸ್ಯೆ ಬೆನ್ನು ತಟ್ಟಿ, "ಮಂಡಿಯೂರಿದ್ದು ನೋಡಿ ಸಂತೋಷ ಆಯ್ತಮ್ಮ, ಒಳ್ಳೆ ಮನೆತನದೋಳು ನೀನು," ಎಂದರು. ಕಬಾಜುಂಗು ಥ್ಯಾಂಕ್ಸ್ ಎಂದಳು. ಆ ಕೈ ಬೆನ್ನಿನಿಂದ ಇಳಿಯುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದಳು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ, ಡಾಕ್ಟರ್ ಮುಗಾರ ಹಿಂದೆ ನಿಂತಿರುವಂತೆ, ಬಗುಮ ಆ ಇಪ್ಪತ್ತಮೂರು ಸಾಲುಗಳನ್ನು ಅಳಿಸಿದ. ಅದೇ ವಾರ ಕಬಾಜುಂಗುವನ್ನು ಪ್ರಯೋಗಾಲಯದಿಂದ ತೆಗೆದು ಮೊದಲ ವರ್ಷದವರಿಗೆ ಬೆರಳಚ್ಚು ಕಲಿಸಲು ಹಾಕಿದರು. ಮೇ ಹದಿನಾಲ್ಕರಂದು ಕಿಹೋಂಡೊ ದಿಣ್ಣೆಯ ಮೇಲೆ ಎರಡನೇ ಗೋಪುರಕ್ಕೆ ಅಡಿಪಾಯ ಅಗೆದರು.